ಆಟದ ಮೇಜಿನ ವಕೀಲರು

ಕೆಲಸವೇನೋ ಕನ್ನಡಕದ ಅಂಗಡಿಯಲ್ಲಿ. ಆದರೆ ಭಾನುವಾರ ಮಧ್ಯಾಹ್ನ ನಮ್ಮ ಆಟದ ಮೇಜಿಗೆ ಅವರೇ ವಕೀಲರು. ನಾವೆಲ್ಲ ಒಂದೊಂದು ಪಾತ್ರವಾಗಿ, ನನ್ನ ಅಕ್ಕ ಹೇಳುವ ಕತೆಯೊಳಗೆ ಇಳಿದು, ದಾಳ ಎಸೆದು ಬದುಕುವ ಆಟ ಅದು. ರಾಕ್ಷಸ ಬಾಯಿ ತೆರೆದು ನಿಂತಿರುವಾಗಲೇ ವಕೀಲರ ಬೆರಳು ಮೇಲೇಳುತ್ತದೆ: "ಸ್ವಲ್ಪ ತಡೀರಿ, ರೂಲ್ಸ್ ಹಾಗಿಲ್ಲ." ಪಾಪ, ರಾಕ್ಷಸನೂ ಕಾಯುತ್ತಾನೆ. ಇನ್ನೊಬ್ಬರ ದಾಳ ಮುಟ್ಟಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ಚಿಪ್ಸ್ ತಿಂದ ಕೈಯಲ್ಲಿ ರೂಲ್ಸ್ ಪುಸ್ತಕ ಹಿಡಿದರೆ ಊಟ ಬಿಡುವಷ್ಟು ನೊಂದುಕೊಳ್ಳುತ್ತಾರೆ. ದಾಳ ನೆಲಕ್ಕೆ ಬಿದ್ದರಂತೂ ಮುಗಿಯಿತು: "ಲೆಕ್ಕಕ್ಕಿಲ್ಲ, ಮತ್ತೆ ಎಸೀರಿ!" ಮೊನ್ನೆ, ವರ್ಷಗಟ್ಟಲೆ ಅವರು ತಮ್ಮ ಪಾತ್ರವಾಗಿ ಸಾಕಿ ಬೆಳೆಸಿದ ಮುದಿ ಯೋಧನ ಜೀವ ಒಂದೇ ಎಸೆತಕ್ಕೆ ಬಂದು ನಿಂತಿತು. ವಕೀಲರ ದಾಳ ಉರುಳಿ ಕೆಳಗೆ ಬಿತ್ತು. ಬಗ್ಗಿ ನೋಡಿದರೆ ಇಪ್ಪತ್ತು. ಆ ದಾಳದಲ್ಲಿ ಅದಕ್ಕಿಂತ ದೊಡ್ಡದಿಲ್ಲ. "ಬದುಕಿದ! ಇವತ್ತೊಂದಿನ ನಡೆಯುತ್ತೆ ಬಿಡಿ," ಎಂದಳು ಅಕ್ಕ. "ನೆಲಕ್ಕೆ ಬಿದ್ದಿದ್ದು ಲೆಕ್ಕಕ್ಕಿಲ್ಲಮ್ಮ," ಎಂದು ವಕೀಲರು ದಾಳ ಎತ್ತಿ ಮತ್ತೆ ಎಸೆದರು. ಮೂರು ಬಿತ್ತು. ಯೋಧ ಸತ್ತ. "ಹ್ಞೂಂ, ಆಟ ಮುಂದುವರಿಸಿ," ಎಂದವರೇ, ದಾಳ ಹುಡುಕುವವರಂತೆ ಮೇಜಿನ ಕೆಳಗೆ ಬಗ್ಗಿ ತುಂಬ ಹೊತ್ತು ಹಾಗೇ ಇದ್ದರು. ದಾಳ ಮೇಜಿನ ಮೇಲೇ ಇತ್ತು.