ತಂಗಿಯ ಎರಡು ಗಂಟೆ

ನನ್ನ ತಂಗಿ ರಫೂ ಮಾಡುವವಳು. ಹರಿದ ಬಟ್ಟೆಯ ಒಳ ಅಂಚಿನಿಂದಲೇ ಎಳೆ ಬಿಡಿಸಿ, ಆ ಎಳೆಯಿಂದಲೇ ತೂತು ಮುಚ್ಚುತ್ತಾಳೆ. ತೂತಿನ ಗುರುತೇ ಕಾಣದೆ, ಬಟ್ಟೆ ಬದಲಾಗಿದೆ ಎಂದು ಜಗಳಕ್ಕೆ ಬಂದ ಗಿರಾಕಿಗಳಿದ್ದಾರೆ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಮೂವತ್ತೆಂಟು ವರ್ಷದಿಂದ ಅದೇ ಕುರ್ಚಿ. ಓದಿದ್ದು ಏಳನೆಯ ತರಗತಿ. ಅಪ್ಪನಿಗೆ ಒಬ್ಬಳನ್ನು ಓದಿಸುವಷ್ಟೇ ಶಕ್ತಿಯಿತ್ತು; ಓದಿದವಳು ನಾನು.

ನಾನು ತತ್ವಶಾಸ್ತ್ರ ಕಲಿಸಿದೆ. ಊರ್ಧ್ವಪ್ರಜ್ಞೆ ನನ್ನ ವಿಷಯ: ‘ನಾನು’ ಎಂಬುದು ಕರಗಿ ಬರಿಯ ಅರಿವು ಉಳಿಯುವ ಸ್ಥಿತಿ. ಅದರ ಮೇಲೆ ಮೂರು ಪುಸ್ತಕ ಬರೆದಿದ್ದೇನೆ. ನಲವತ್ತು ವರ್ಷ ಬೆಳಗ್ಗೆ ಎದ್ದು ಕಣ್ಣು ಮುಚ್ಚಿ ಕುಳಿತಿದ್ದೇನೆ. ಮಂಡಿನೋವಿನ ಹೊರತು ಏನೂ ಬಂದಿಲ್ಲ.

ಹೋದ ವರ್ಷ ತಂಗಿ ಮೊದಲ ಬಾರಿಗೆ ನನ್ನ ಉಪನ್ಯಾಸಕ್ಕೆ ಬಂದಳು. ಮುಗಿದ ಮೇಲೆ ಮೆಟ್ಟಿಲಿಳಿಯುತ್ತ ಅಂದಳು:

“ನೀನು ಹೇಳಿದ್ದು ನಂಗೆ ದಿನಾ ಆಗುತ್ತಲ್ಲ ಅಕ್ಕ. ಸೂಜಿ ಹಿಡಿದು ಸ್ವಲ್ಪ ಹೊತ್ತಾದ್ಮೇಲೆ ನಾನೇ ಇರಲ್ಲ. ಅದಕ್ಕೆ ಇಷ್ಟುದ್ದದ ಹೆಸರಿದೆ ಅಂತ ಗೊತ್ತಿರಲಿಲ್ಲ.”

“ಅದು ಬರೀ ಏಕಾಗ್ರತೆ. ಇದು ಬೇರೆ.”

“ಇರಬಹುದು. ಓದಿದವಳು ನೀನಲ್ವಾ.”

ಆ ರಾತ್ರಿಯ ಊಟ ರುಚಿಸಲಿಲ್ಲ. ಇವಳಿಗೆ ನಿಜವಾಗಿ ಸಿಕ್ಕಿದೆಯೋ ಇಲ್ಲವೋ, ಅದು ನನಗೆ ಖಚಿತವಾಗಬೇಕಿತ್ತು. ಮರುದಿನ ನನ್ನ ಒಳ್ಳೆಯ ಉಣ್ಣೆ ಕೋಟಿನ ತೋಳಿಗೆ ನಾನೇ ಕತ್ತರಿ ಹಾಕಿ, “ಹುಳ ತಿಂದಿದೆ” ಎಂದು ಅವಳ ಮುಂದಿಟ್ಟು ಎದುರಿಗೆ ಕುಳಿತೆ.

ಅವಳು ತೂತನ್ನು ಬೆಳಕಿಗೆ ಹಿಡಿದಳು. “ಈ ಹುಳಕ್ಕೆ ಕತ್ತರಿ ಹಿಡಿಯೋಕೆ ಬರುತ್ತೆ ಅನ್ಸುತ್ತೆ ಅಕ್ಕ.” ಏಕೆಂದು ಕೇಳಲಿಲ್ಲ. ಸೂಜಿಗೆ ಎಳೆ ಪೋಣಿಸಿದಳು.

ಅರ್ಧ ಗಂಟೆ ಕಾದು, “ಅಮ್ಮ ಕೊನೆಗಾಲದಲ್ಲಿ ಕರೀತಿದ್ದದ್ದು ನನ್ನನ್ನೇ” ಎಂದೆ. ಅಮ್ಮನ ಹಾಸಿಗೆ ಬದಲಿಸಿದವಳು ಅವಳು. ಹೆಸರು ಹಿಡಿದು ಕರೆದೆ. ಸೂಜಿ ತಡವರಿಸಲಿಲ್ಲ. ಮುಖ ನೋಡಿದೆ. ಅಲ್ಲಿ ನನ್ನ ತಂಗಿ ಇರಲಿಲ್ಲ. ಬೇರೆ ಯಾರೂ ಇರಲಿಲ್ಲ. ನಾನು ಬರೆದದ್ದೆಲ್ಲ ನಿಜವೆಂದು ಆಗ ತಿಳಿಯಿತು. ಅದು ನನ್ನ ಪಾಲಿಗೆ ಬಂದಿಲ್ಲವೆಂದೂ ತಿಳಿಯಿತು.

ಎರಡು ಗಂಟೆ ಕಳೆದ ಮೇಲೆ ಎಳೆ ಕತ್ತರಿಸಿ ಕತ್ತು ನೆಟ್ಟಗೆ ಮಾಡಿದಳು. “ಏನೋ ಅಂದೆಯಾ?”

“ಏನಿಲ್ಲ. ಅಲ್ಲಿ ಏನಿರುತ್ತೆ, ಹೇಳು.”

“ಏನೂ ಇರಲ್ಲ. ನೀನೂ ಇರಲ್ಲ, ಅದೇ ದೊಡ್ಡ ಸುಖ.” ನಕ್ಕಳು. “ಚಿಕ್ಕಂದಿನಿಂದ ನಿನ್ನ ಕಂಡ್ರೆ ನಂಗೆ ಹೊಟ್ಟೆಯುರಿ ಅಕ್ಕ. ನಿನ್ನ ಪುಸ್ತಕ, ನಿನ್ನ ಕನ್ನಡಕ, ಎಲ್ಲಾ. ಸೂಜಿ ಹಿಡಿದಾಗ ಹೋಗುತ್ತೆ. ಎದ್ದರೆ ಮತ್ತೆ ಬಂದು ಕೂರುತ್ತೆ.”

ಆ ಸ್ಥಿತಿ ಕಂಡವರಲ್ಲಿ ಅಸೂಯೆ ಉಳಿಯದು ಎಂದು ನನ್ನ ಮೂರು ಪುಸ್ತಕಗಳೂ ಹೇಳುತ್ತವೆ. ಅದನ್ನೇ ಹಿಡಿದು ಅವಳನ್ನು ತಳ್ಳಿಹಾಕಬಹುದಿತ್ತು. ಆದರೆ ಆ ಹೊತ್ತಿನ ಅವಳ ಮುಖ ನೋಡಿಬಿಟ್ಟಿದ್ದೆ, ಆಗಲಿಲ್ಲ.

ಕೋಟು ಹಾಕಿಕೊಂಡು ಹೊರಟೆ. ಹೊಟ್ಟೆಕಿಚ್ಚು ಇಬ್ಬರಿಗೂ ಒಂದೇ. ಅವಳಿಗೆ ದಿನಕ್ಕೆ ಎರಡು ಗಂಟೆ ಬಿಡುವು ಸಿಗುತ್ತದೆ. ನನಗೆ ಅದೂ ಇಲ್ಲ.