ಸಮುದ್ರದ ದಡದಲ್ಲೂ ಸಾರು

ನೈರೋಬಿಯ ಹೈರಿಡ್ಜ್‌ನಲ್ಲಿ ಮಗಳು, ಅಳಿಯ, ಮೊಮ್ಮಗಳ ಜೊತೆ ನಾನಿರುವುದು. ಮಗಳಿಗೆ ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ ಅವಳು ಆಫೀಸಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಡಾಕ್ಟರು ಬಿಪಿ ನೋಡಿ, ಹತ್ತು ದಿನ ಎಲ್ಲಾದರೂ ಹೋಗಿ ಸುಮ್ಮನೆ ಮಲಗಿ, ಇಲ್ಲದಿದ್ದರೆ ಮುಂದಿನ ಸಲ ಆಸ್ಪತ್ರೆಯಲ್ಲೇ ಮಲಗುತ್ತೀರಿ ಎಂದರಂತೆ. ಮೊಂಬಾಸಾಗೆ ಹೋದರೆ ಗುರುತಿನವರು ಸಿಗುತ್ತಾರೆ, ಆಫೀಸಿನವರು ಫೋನು ಮಾಡುತ್ತಾರೆ ಎಂದು ಅಳಿಯ ಕೆರಿಬಿಯನ್ ಕಡೆಯ ಒಂದು ಸಣ್ಣ ದ್ವೀಪ ಹುಡುಕಿದ.

ನಾನು ಹೊರಗೆ ತಿನ್ನುವವಳಲ್ಲ. ಮೀನು, ಮಾಂಸ ಬೇಯಿಸಿದ ಪಾತ್ರೆ ನನಗಾಗದು. ನೈರೋಬಿಗೆ ಬಂದು ಒಂಬತ್ತು ವರ್ಷವಾದರೂ ಒಂದು ಹೋಟೆಲಿನ ಬಾಗಿಲು ದಾಟಿರಲಿಲ್ಲ. ಅದಕ್ಕೇ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು, ಸಣ್ಣ ಕುಕ್ಕರು, ಎಲ್ಲ ಕಟ್ಟಿಕೊಂಡೆ. ಮನೆಯೂಟವಾದರೆ ಅವಳ ಮೈಗೂ ಒಳ್ಳೆಯದು ಎಂದು ನನ್ನ ಲೆಕ್ಕ. ಮಾಡುವವರು ಯಾರು ಎಂದು ಯೋಚಿಸಲಿಲ್ಲ. ನನ್ನ ಮಣಿಕಟ್ಟಿಗೆ ನೋವು, ಕುಕ್ಕರು ಎತ್ತಲಾಗದು.

ಬಾಡಿಗೆಗೆ ಹಿಡಿದ ಮನೆಯಿಂದ ಹತ್ತು ಹೆಜ್ಜೆಗೆ ಸಮುದ್ರ. ಜನವೇ ಇಲ್ಲ. ಮಗಳು ಮಾತ್ರ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಚಪಾತಿ ಎಂದು ಮೂರು ದಿನ ಒಲೆಯ ಮುಂದೆಯೇ ನಿಂತಳು. ಪಾತ್ರೆ ತೊಳೆಯುತ್ತಿದ್ದ ಅಳಿಯ ಕೇಳಿದ, “ಅತ್ತೆ, ನಾವು ಸಮುದ್ರ ನೋಡೋಕೆ ಬಂದ್ವೋ, ಒಗ್ಗರಣೆ ಹಾಕೋಕೆ ಬಂದ್ವೋ?”

“ಎರಡನೇ ಸಲ ಬಡಿಸ್ಕೊಳ್ಳುವಾಗ ಈ ಮಾತು ಬರಲಿಲ್ವಲ್ಲ ನಿಮಗೆ,” ಎಂದೆ.

ನಾಲ್ಕನೆಯ ದಿನ ನೀರು ಕುಡಿಯಲು ಒಳಗೆ ಹೋದೆ. ಮಗಳು ಅಡುಗೆ ಕಟ್ಟೆ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ತಲೆ ಸುತ್ತುತ್ತಾ?”

“ಇಲ್ಲಮ್ಮ. ಇನ್ನೊಂದು ಸೀಟಿ ಕೂಗಿದ್ರೆ ಆಯ್ತು.”

“ಆರಿಸು.”

“ಸಾರು?”

“ಯಾರಿಗೆ ಬೇಕು ನಿನ್ನ ಸಾರು? ಆರಿಸು ಅಂದೆ.”

ಮೊಮ್ಮಗಳ ಕೈ ಹಿಡಿದು ದಡದಲ್ಲಿದ್ದ ಒಂದು ತಗಡಿನ ಹೋಟೆಲಿಗೆ ನಡೆದೆ. ನನ್ನ ವಯಸ್ಸಿನ ದಪ್ಪ ಹೆಂಗಸು ಅದನ್ನು ನಡೆಸುತ್ತಿದ್ದಳು. ಮೀನಿಲ್ಲದ್ದು ಏನಿದೆ ಕೇಳು ಎಂದು ಮೊಮ್ಮಗಳಿಗೆ ಹೇಳಿದೆ. ತೆಂಗಿನಹಾಲಿನಲ್ಲಿ ಕಾಳು ಹಾಕಿ ಬೇಯಿಸಿದ ಅನ್ನ, ಕರಿದ ಬಾಳೆಹಣ್ಣು. ಅನ್ನದ ಸೌಟು ಮೀನಿನ ಪಾತ್ರೆಗೂ ಹೋಗಿದ್ದನ್ನು ನೋಡಬಾರದಿತ್ತು, ನೋಡಿದೆ. ಮೊದಲ ತುತ್ತನ್ನು ನೀರು ಕುಡಿದು ನುಂಗಿದೆ. ಮೂರನೆಯದಕ್ಕೆ ಉಪ್ಪು ಕಮ್ಮಿ ಅನ್ನಿಸಿತು. ಉಪ್ಪಿನ ಕಡೆ ಗಮನ ಹೋಯಿತೆಂದರೆ ಊಟ ಇಳಿಯುತ್ತಿದೆ ಎಂದೇ.

ಅಷ್ಟರಲ್ಲಿ ಮಗಳು ಓಡಿಬಂದಳು. “ಅಮ್ಮಾ, ಏನ್ ತಿಂತಿದ್ದೀಯ? ನಿನಗೆ ಆಗಲ್ಲ ಅದು!”

“ಆಗ್ತಿದೆಯಲ್ಲ. ನೀನು ಹೋಗಿ ಮಲಕ್ಕೋ.”

“ನನಗೋಸ್ಕರ ಸುಳ್ಳು ಹೇಳ್ಬೇಡ.”

“ಸುಳ್ಳು ಹೇಳಿ ನನಗೇನಾಗ್ಬೇಕು? ಉಪ್ಪು ಕಮ್ಮಿ, ಅಷ್ಟೆ.”

ನನ್ನ ತಟ್ಟೆ ಅರ್ಧ ಖಾಲಿಯಾಗಿದ್ದನ್ನು ಅವಳು ನೋಡಿದಳು. ಆಮೇಲೆ ಅಲ್ಲೇ ಮರದ ನೆರಳಿನಲ್ಲಿ ಚಾಪೆಯ ಮೇಲೆ ಒರಗಿದಳು. ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆದಳು. ಏಡಿ ತೋರಿಸಬೇಕೆಂದು ಮೊಮ್ಮಗಳು ಓಡಿಬಂದಾಗ, “ಎಬ್ಬಿಸಿದ್ರೆ ಕಾಲು ಮುರೀತೀನಿ,” ಎಂದೆ. “ಓಕೆ, ಓಕೆ, ಅಜ್ಜಿ,” ಎಂದು ಹೋಯಿತು. ಬಿಸಿಲು ಇಳಿಯುವವರೆಗೂ ಮಗಳು ಏಳಲಿಲ್ಲ. ಉಳಿದ ದಿನಗಳೂ ಹೀಗೇ. ನಾವು ಆ ಹೋಟೆಲಿನಲ್ಲಿ ತಿಂದೆವು, ಅವಳು ಮಲಗಿದಳು.

ಆ ಸೌಟಿನ ಅನ್ನ ತಿಂದು ಪಾಪ ಬಂತು ಎಂದು ನನಗೇನೂ ಅನ್ನಿಸಲಿಲ್ಲ. ಒಂಬತ್ತು ವರ್ಷ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಚ್ಚಿ ನೇರ ಒಲೆಗೆ ಹೋಗುತ್ತಿದ್ದವಳನ್ನು ನೋಡಿ ಅನ್ನಿಸಬೇಕಿತ್ತು. ಆಗ ಅನ್ನಿಸಲಿಲ್ಲ.

ನೈರೋಬಿಗೆ ಬಂದ ಮರುದಿನ ಮೊಮ್ಮಗಳ ಕೈಲಿ, ಮನೆಗೆಲಸದಾಕೆಗೆ ಚಪಾತಿ ಬರುತ್ತಾ ಎಂದು ಕೇಳಿಸಿದೆ. ಇಷ್ಟು ವರ್ಷ ಅವಳನ್ನು ಒಲೆಯ ಹತ್ತಿರ ಬಿಡದವಳು ನಾನೇ. “ಸವಾ, ಮಾಮಾ,” ಅಂದರೆ ಆಯ್ತಮ್ಮ, ಎಂದು ಅವಳು ಹಿಟ್ಟು ಕಲೆಸಲು ಕೂತಳು. ಚಪಾತಿ ದಪ್ಪ, ಎಣ್ಣೆ ಜಾಸ್ತಿ. ತಿನ್ನುತ್ತೇನೆ. ಮಗಳು ಈಗ ಬಂದವಳೇ ಸೋಫಾದ ಮೇಲೆ ಕಾಲು ಚಾಚುತ್ತಾಳೆ.