ಮರಗಳು: ಇಲ್ಲ

ನಮ್ಮ ಸೀಮೆಯಲ್ಲಿ ಮರ ಅಂದರೆ ಒಂದೇ, ತೆಂಗು. ಮಿಕ್ಕಿದ್ದೆಲ್ಲ ಗಿಡ. ನಾಲ್ಕಾಳು ಕೈಕೈ ಹಿಡಿದು ನಿಂತರೂ ತಬ್ಬಲಾಗದ ಹುಣಸೆಯೂ ಗಿಡವೇ, ಒಂದು ಮದುವೆ ದಿಬ್ಬಣ ಎತ್ತುಗಾಡಿ ಸಮೇತ ನೆರಳಲ್ಲಿ ಮಲಗಿ ಎದ್ದುಹೋಗಬಹುದಾದ ಆಲವೂ ಗಿಡವೇ. ಮೊನ್ನೆ ನೆಟ್ಟ, ಮೇಕೆಯ ಮೊಣಕಾಲಿಗೂ ಬಾರದ ತೆಂಗಿನ ಸಸಿ ಮಾತ್ರ ಮರ. ಹೆಣ್ಣು ಕೊಡುವವರು ಹುಡುಗನ ಹೆಸರು ಕೇಳುವ ಮೊದಲು “ಮರ ಎಷ್ಟೈತೆ?” ಅಂತಲೇ ಕೇಳುವುದು. “ಯಾವ ಮರ?” ಎಂದು ಯಾರೂ ತಿರುಗಿ ಕೇಳಿದ್ದಿಲ್ಲ. ಒಬ್ಬ ಮಾತ್ರ ಕೇಳಿದ. ಅವನ ಹೆಸರು ಹುಚ್ಚರಂಗಯ್ಯ, ಊರು ಹಂದನಕೆರೆಗೆ ಎರಡು ಮೈಲಿಯ ಕೆಂಚನಪಾಳ್ಯ.

ಅಪ್ಪ ಅವನಿಗೆ ಬಿಟ್ಟುಹೋದದ್ದು ನಾಲ್ಕು ಮರ. ಅದರಲ್ಲೊಂದಕ್ಕೆ ಸಿಡಿಲು ಬಡಿದು ಬರೀ ಕಂಬ ನಿಂತಿತ್ತು. ಹೆಣ್ಣು ಕೇಳಲು ಹೋದಾಗ ಅವನ ತಾಯಿ ಆ ಕಂಬವನ್ನೂ ಸೇರಿಸಿಯೇ ಹೇಳುತ್ತಿದ್ದಳು. ಹುಡುಗ ಎರಡನೇ ಸಲಕ್ಕೆ ಎಸ್ಸೆಸ್ಸೆಲ್ಸಿ ದಾಟಿದ್ದ. ಎಂಬತ್ತೊಂದರಲ್ಲಿ ಊರೂರಲ್ಲಿ ಗಿಡ ನೆಡಿಸುವ ಸರ್ಕಾರದ ಯೋಜನೆಯೊಂದು ಬಂತು. ಓದಿದ ಹುಡುಗರನ್ನು ದಿನಗೂಲಿಯ ಮೇಲೆ ‘ಪ್ರೇರಕ’ ಎಂದು ತೆಗೆದುಕೊಂಡರು. ಆ ಹೆಸರಿಗೆ ನಾಲಿಗೆ ಹೊರಳದ ಜನ ಅವನನ್ನು ‘ಗಿಡದ ಮೇಷ್ಟ್ರು’ ಎಂದರು.

ಜನರಿಗೆ ಗಿಡದ ಉಪಕಾರ ಹೇಳುವುದು, ಸಸಿ ಹಂಚುವುದು, ಸ್ಕೂಲು ಮಕ್ಕಳಿಗೆ ಪಾಠ ಮಾಡುವುದು ಅವನ ಕೆಲಸ. ಪಾಠ ನಡೆಯುತ್ತಿದ್ದದ್ದು ಊರ ಮುಂದಿನ ಗುಂಡುತೋಪಿನಲ್ಲಿ. ಯಾರೂ ನೆಟ್ಟ ನೆನಪಿಲ್ಲದ, ಯಾರ ಪಹಣಿಗೂ ಸೇರದ, ಎಲ್ಲರದ್ದೂ ಆದ ತೋಪು ಅದು. ಇಪ್ಪತ್ತಾರು ಹಿಪ್ಪೆ, ಹನ್ನೊಂದು ಹೊಂಗೆ, ಐದು ಮಾವು, ಒಂದು ಗೋಣಿ. ಹಿಪ್ಪೆ ಹೂ ಉದುರುವ ಕಾಲದಲ್ಲಿ ಅದರ ಕೆಳಗೆ ಹಾದ ಎತ್ತುಗಳು ಹೂ ತಿಂದು ಅಮಲೇರಿ, ಚಿಕ್ಕನಾಯಕನಹಳ್ಳಿಗೆ ಹೊರಟ ಗಾಡಿಯನ್ನು ತಿಪಟೂರಿಗೆ ಮುಟ್ಟಿಸಿದ್ದುಂಟು. ಗಾಡಿಯವನು ಅಲ್ಲೇ ವ್ಯಾಪಾರ ಮುಗಿಸಿ ಬಂದನಂತೆ.

ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ರಂಗಯ್ಯ ಮಕ್ಕಳನ್ನು ಅಲ್ಲಿಗೆ ಕರೆತರುತ್ತಿದ್ದ. ನಲವತ್ತಮೂರಕ್ಕೂ ಹೆಸರಿಟ್ಟಿದ್ದ. ಬಾಗಿದ ದೊಡ್ಡ ಹಿಪ್ಪೆ ಗೂನಜ್ಜ. ಒಂದೇ ಬುಡದಿಂದ ಎದ್ದ ಎರಡು ಹೊಂಗೆ ಅಕ್ಕತಂಗಿ. ಪೊಟರೆಯಿದ್ದ ಮಾವು ಗಿಣಿಮನೆ. ಮಕ್ಕಳು ಒಂದೊಂದನ್ನೂ ಮುಟ್ಟಿ ಹಾಜರಿ ಕೂಗಬೇಕು. “ಗೂನಜ್ಜ?” ಎಂದರೆ “ಬಂದವ್ನೆ ಸಾ!” ಎಂದು ಕೂಗುತ್ತಿದ್ದ ಸದ್ದಿಗೆ ಹಂದನಕೆರೆಯಲ್ಲಿ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವು.

ತೋಪಿನ ಇನ್ನೊಬ್ಬ ಒಡತಿ ಹನುಮಕ್ಕ. ಗಂಡ ಸತ್ತ ಹೆಂಗಸು, ಅರವತ್ತು ದಾಟಿತ್ತು. ರಂಗಯ್ಯನಿಗೆ ಸೋದರತ್ತೆ. ಮುಂಗಾರು ಶುರುವಾದಾಗ ಹಿಪ್ಪೆ ಬೀಜ ಆಯ್ದು, ಒಣಗಿಸಿ, ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸುವಳು. ತೋಪಿನ ನಡುವೆ ನಿಂತ ಹನುಮಂತನ ಕಲ್ಲಿಗೆ ಶನಿವಾರ ಸಂಜೆ ಆ ಎಣ್ಣೆಯದೇ ದೀಪ. ಮಿಕ್ಕಿದ್ದು ಊರವರ ಮೊಣಕಾಲಿಗೆ. ಅದರ ಕಹಿ ವಾಸನೆ ಎಷ್ಟು ಗಟ್ಟಿಯೆಂದರೆ ಗೋಡೆಗೆ ಒರಗಿಸಿಡಬಹುದಿತ್ತು.

ಎಂಬತ್ತಮೂರರ ಮಾಘದಲ್ಲಿ ಕಚೇರಿಯಿಂದ ಒಂದು ಅಚ್ಚಾದ ಫಾರಂ ಬಂತು. ಊರ ತೋಪಿನ ವಿವರ ಬರೆಯಬೇಕು. ಒಂದು ಸಾಲಿನಲ್ಲಿ ‘ಮರಗಳು’, ಅದರ ಕೆಳಗೆ ‘ಗಿಡಗಂಟೆಗಳು’. ರಂಗಯ್ಯ ಗೂನಜ್ಜನ ಬೇರಿನ ಮೇಲೆ ಕೂತು ಪೆನ್ನು ಬಿಚ್ಚಿದ. ಹನುಮಕ್ಕ ಕಲ್ಲಿನ ಸುತ್ತ ತರಗು ಗುಡಿಸುತ್ತಿದ್ದಳು.

“ಅತ್ತೆ, ಈ ತೋಪಲ್ಲಿ ಮರ ಎಷ್ಟೈತೆ ಅಂತ ಬರೀಲಿ?”

“ಮರ ಎಲ್ಲೈತ್ಲಾ ಇಲ್ಲಿ? ನಿಮ್ಮಪ್ಪ ನೆಟ್ಟಿದ್ನಾ? ಇಲ್ಲಿರಾವೆಲ್ಲ ಗಿಡ ಕಣಪ್ಪ.”

“ನಂಗೂ ಗೊತ್ತು ಬುಡತ್ತೆ. ಸುಮ್ನೆ ಕೇಳ್ದೆ.”

‘ಮರಗಳು: ಇಲ್ಲ’ ಎಂದು ಬರೆದ. ‘ಗಿಡಗಂಟೆಗಳು: ನಲವತ್ತಮೂರು’ ಎಂದು ಬರೆದು, ಹೆಮ್ಮೆಯಿಂದ ಕೆಳಗೆ ಎರಡು ಗೆರೆ ಎಳೆದ. ರುಜು ಹಾಕಿದ. ಅವನ ರುಜುವಿನ ಬಾಲ ಹೊನ್ನವಳ್ಳಿಗೆ ಹೋಗಿ ಮಜ್ಜಿಗೆ ಕುಡಿದು ಬರುವಷ್ಟು ಉದ್ದ.

ಆ ಫಾರಂ ಓದಿದ ಸಾಹೇಬರು ಪಟ್ಟಣದವರು. ಮರ ಇಲ್ಲ, ನಲವತ್ತಮೂರು ಪೊದೆ ಇವೆ. ಪೊದೆ ತೆಗೆದು ನೆಲ ಹಸನು ಮಾಡಿ ನೀಲಗಿರಿ ಹಾಕಿ ಎಂದು ಬರೆದರು. ಅವರ ಮೇಲೆ ಸಿಟ್ಟು ಮಾಡಲು ನಾನೂ ಬಹಳ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ. ಕಾಗದದಲ್ಲಿದ್ದದ್ದು ಅಷ್ಟೇ.

ಮೇ ತಿಂಗಳಲ್ಲಿ ಪ್ರೇರಕರಿಗೆಲ್ಲ ತುಮಕೂರಿನಲ್ಲಿ ಹತ್ತು ದಿನದ ತರಬೇತಿ. ವಿಷಯ: ಇರುವ ಮರ ಉಳಿಸಿಕೊಳ್ಳುವ ಬಗೆ. ರಂಗಯ್ಯ ಬಲು ಶ್ರದ್ಧೆಯಿಂದ ಕಲಿತ, ಕೊನೆಯ ದಿನ ಒಂದು ಸರ್ಟಿಫಿಕೇಟನ್ನೂ ಕೊಟ್ಟರು. ಅದು ಸುಕ್ಕಾಗದಂತೆ ಬಸ್ಸಿನಲ್ಲಿ ಎದೆಗೆ ಒತ್ತಿಕೊಂಡು ಬಂದು, ಹಂದನಕೆರೆಯಲ್ಲಿ ಇಳಿದು ನಡೆದ. ದಿಣ್ಣೆ ಹತ್ತಿದವನಿಗೆ ದಾರಿ ತಪ್ಪಿದಂತಾಯಿತು. ಅಲ್ಲಿಂದ ಯಾವತ್ತೂ ಕಾಣದ ಕೆಂಚಪ್ಪನ ಟೀ ಅಂಗಡಿ, ಅದರ ಬೆಂಚು, ಬೆಂಚಿನ ಮೇಲಿನ ನಾಯಿ ಎಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ಅಡ್ಡ ಇರಬೇಕಾದ ತೋಪು ಇರಲಿಲ್ಲ.

“ಬಾ ಮೇಷ್ಟ್ರೇ,” ಎಂದ ಕೆಂಚಪ್ಪ. “ಕಂಟ್ರಾಕ್ಟ್ರು ಎರಡು ಲಾರಿ ತಂದಿದ್ದ. ಆರು ದಿನ ಹೊಡುದ್ರು.”

“ಯಾರೂ ತಡೀಲಿಲ್ವಾ ಕೆಂಚಪ್ಪಣ್ಣ?”

“ತಡುದೋ ಕಣಪ್ಪ. ಹನುಮಕ್ಕ ಗೂನಜ್ಜನ್ನ ತಬ್ಕಂಡು ಕೂತ್ಲು. ಆಮೇಲೆ ಅವ್ನು ಕಾಗ್ದ ತೋರಿಸ್ದ. ನಿನ್ನ ರುಜು ಇತ್ತಲ್ಲ, ಬಾಲ ಸಮೇತ. ನಮ್ಮ ಹುಡ್ಗನೇ ಬರ್ದವ್ನೆ ಅಂದ್ಮೇಲೆ ಏನೋ ಒಳ್ಳೇದೇ ಇರ್ತದೆ ಅಂತ ಸರ್ಕಂಡೋ. ಅವ್ಳೂ ಎದ್ಲು.”

ರಂಗಯ್ಯ ಮಾರನೆಯ ದಿನ ಕಚೇರಿಗೆ ಹೋದ. ಸಾಹೇಬರು ಫಾರಂ ತೆಗೆದು ಮೇಜಿನ ಮೇಲಿಟ್ಟರು.

“ಇದು ನಿನ್ನ ಕೈಬರಹ ತಾನೇ?”

“ಹೌದು ಸಾ. ಆದ್ರೆ ಗಿಡ ಅಂದ್ರೆ ನಮ್ಮ ಕಡೆ ಮರ ಸಾ.”

“ಮತ್ತೆ ಮರ ಅಂದ್ರೆ?”

“ಮರ ಅಂದ್ರೆ ಮರ ಸಾ.”

ಸಾಹೇಬರು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದರು. ಪೆನ್ನು ಅವನ ಕಡೆ ಚಾಚಿ, “ಈಗ ಎಲ್ಲಿ ಏನಂತ ತಿದ್ದಬೇಕು, ನೀನೇ ಹೇಳಪ್ಪ,” ಎಂದರು. ಅವನು ಪೆನ್ನು ಮುಟ್ಟಲಿಲ್ಲ.

ಆ ಶನಿವಾರ ಬೇಸಿಗೆ ರಜೆಯಿದ್ದರೂ ಮಕ್ಕಳು ಅಭ್ಯಾಸಬಲದಿಂದ ಬಂದರು. ಒಂದು ಹುಡುಗಿ ಹಸಿ ಬೊಡ್ಡೆಯ ಮೇಲೆ ಕೈಯಿಟ್ಟು ಹಾಜರಿಗೆ ಕಾದಳು. ಮುಂದಿನ ವಾರ ಬೊಡ್ಡೆಗಳೂ ಹೋದವು. ಹಂಚಿನ ಗೂಡಿನವರಿಗೆ ಬೇರು ಬೇಕಿತ್ತಂತೆ, ಅಗೆದು ಹೊತ್ತರು. ನೀಲಗಿರಿ ಸಸಿ ಬಂದವು. ನೆಡಿಸುವ ಕೆಲಸ ಪ್ರೇರಕನದೇ. ನೆಡಿಸಿದ. ಬೇರು ಅಗೆದ ನಲವತ್ತಮೂರು ಗುಂಡಿ ಮಾತ್ರ ಬಿಟ್ಟ.

ಸಂಜೆ ಹನುಮಕ್ಕನ ಬಾಗಿಲಿಗೆ ಹೋದ. ಕಡಿದದ್ದು ಕಾಯಿ ಮಾಗುವ ಮೊದಲು, ಹೊಸ ಬೀಜ ಇರಲಿಲ್ಲ. ಹೋದ ವರ್ಷದ ಮೂರು ಸೇರು ಬೀಜವನ್ನು ಅವಳು ಎಣ್ಣೆಗೆಂದು ಮಡಕೆಯಲ್ಲಿ ಇಟ್ಟಿದ್ದಳು. ಅವನು ಕೇಳುವ ಮೊದಲೇ ಮಡಕೆ ಎತ್ತಿ ಕೊಟ್ಟಳು.

“ನೀನು ತಪ್ಪು ಬರ್ದಿಲ್ಲ ಕಣ್ಲಾ. ನನ್ನೇ ಕೇಳಿ ತಾನೇ ಬರ್ದಿದ್ದು?”

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ ಎಂದು ಈಗಲೂ ನನಗನ್ನಿಸುತ್ತದೆ.

ಹಿಪ್ಪೆ ಬೀಜ ಉದುರಿದ ತಿಂಗಳೊಳಗೆ ನೆಲ ಸೇರಬೇಕು, ವರ್ಷ ಕಳೆದರೆ ಸತ್ತಂತೆ ಎಂದು ಮಕ್ಕಳಿಗೆ ಹೇಳಿಕೊಟ್ಟವನೇ ಅವನು. ಆದರೂ ಗುಂಡಿಗೆ ಹತ್ತರಂತೆ ಊರಿದ. ಮಳೆಯಿದ್ದಾಗಲೂ ನೀರು ಹೊತ್ತ. ಬೇರೆ ಊರಿನ ಹೊಸ ಬೀಜ ತರುತ್ತೇನೆಂದು ಕೆಂಚಪ್ಪ ಹೇಳಿದರೆ, “ಗೂನಜ್ಜನ ಬೀಜವೇ ಆಗ್ಬೇಕು,” ಎಂದ. ಎಂಬತ್ತನಾಲ್ಕರ ಯುಗಾದಿಯವರೆಗೂ ಹೊತ್ತ. ಅವನು ಹೊತ್ತ ನೀರು ಸೇರಿಸಿದ್ದರೆ ಹಂದನಕೆರೆ ಕೆರೆ ಕೋಡಿ ಬೀಳುತ್ತಿತ್ತು. ಒಂದು ಮೊಳಕೆಯೂ ಬರಲಿಲ್ಲ.

ಅಂದಿನಿಂದ ಅವನಿಗೆ ಒಂದು ಚಾಳಿ ಹತ್ತಿತು. ಟೀ ಅಂಗಡಿಯಲ್ಲಿ ಯಾರಾದರೂ “ನಂಗೆ ಇನ್ನೂರು ಮರ ಐತೆ” ಎಂದರೆ ಸಾಕು, “ಯಾವ ಮರ?” ಎನ್ನುವನು. ತಮಾಷೆಗಲ್ಲ. ತಲೆ ಎತ್ತಿ, ಉತ್ತರ ಬರುವವರೆಗೆ ಕಾಯುವನು. ಗಿಡದ ಮೇಷ್ಟ್ರು ಹೋಗಿ ‘ಯಾವ್ಮರ ರಂಗ’ ಎಂಬ ಹೆಸರು ನಿಂತಿತು.

ದಂಡಿನಶಿವರದಿಂದ ಚಿಕ್ಕಣ್ಣ ಎಂಬವರು ಮಗಳಿಗೆಂದು ಬಂದರು. ಹುಡುಗನ ಕೆಲಸ ಮೆಚ್ಚಿ, ತಿಂಡಿ ಮುಗಿಸಿ, ವಾಡಿಕೆಯಂತೆ ಕೇಳಿದರು: “ಮರ ಎಷ್ಟೈತಪ್ಪ?”

ತಾಯಿ ಬಾಯಿ ತೆರೆಯುವ ಮುಂಚೆ ರಂಗಯ್ಯ ಹೇಳಿದ: “ನಲವತ್ತಮೂರಿದ್ವು. ನಾನೇ ಕಡಿಸ್ಬುಟ್ಟೆ.”

ಚಿಕ್ಕಣ್ಣ ಹಾಕಿಕೊಂಡ ಎಲೆಅಡಿಕೆಯನ್ನು ಅಗಿಯದೆ ಎದ್ದುಹೋದರು. ಮರ ಕಡಿಸುವ ಹುಚ್ಚನಿಗೆ ಯಾರು ಹೆಣ್ಣು ಕೊಡುತ್ತಾರೆ? ಆ ಮಾತು ಮೂರು ತಾಲ್ಲೂಕು ಸುತ್ತಿತು. ಮತ್ತೆ ಯಾರೂ ಬರಲಿಲ್ಲ.

ಹನುಮಕ್ಕ ಮಾತ್ರ ಬಿಡಲಿಲ್ಲ. ಉಳಿದಿದ್ದ ಒಂದು ಬಾಟಲಿ ಹಿಪ್ಪೆ ಎಣ್ಣೆಯಲ್ಲಿ, ಬತ್ತಿ ಸಣ್ಣಗೆ ಹೊಸೆದು, ಶನಿವಾರ ಸಂಜೆ ಹನುಮಂತನ ಕಲ್ಲಿಗೆ ದೀಪವಿಡುತ್ತಿದ್ದಳು. ನೀಲಗಿರಿ ಎದೆಮಟ್ಟ ಬಂದಿತ್ತು. ರಂಗಯ್ಯ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಆ ಕಹಿ ವಾಸನೆ ಇರುವಷ್ಟು ಹೊತ್ತು ಅವನಿಗೆ ತೋಪು ಇತ್ತು. ಬಾಟಲಿಯಲ್ಲಿ ಎಷ್ಟಿದೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಎಂಬತ್ತೈದರ ಶ್ರಾವಣದ ಒಂದು ಶನಿವಾರ ಅವಳು ದೀಪ ಹಚ್ಚಿದಳು. ಬೆಳಕು ಎಂದಿಗಿಂತ ಚೆನ್ನಾಗಿಯೇ ಬಂತು. ವಾಸನೆ ಬೇರೆಯಿತ್ತು, ಅಡುಗೆಮನೆಯ ಹಾಗೆ ಹಿತವಾಗಿ. ರಂಗಯ್ಯ ತಲೆಯೆತ್ತಿ ಅವಳನ್ನು ನೋಡಿದ.

“ಅದು ಮುಗೀತು ಕಣಪ್ಪ,” ಎಂದಳು ಹನುಮಕ್ಕ. “ಇದು ನಮ್ಮ ಹಿತ್ತಲ ಮರದ್ದು.”

ರಂಗಯ್ಯನ ತುಟಿ ಅಲ್ಲಾಡಿತು. ಯಾವ ಮರ ಎಂದು ಅವನು ಕೇಳಲಿಲ್ಲ.